ಬಾಗಿಲಲ್ಲಿ ಕೂತ ಕಿವಿ

ಇಚಲಕರಂಜಿಯ ಹೊಳೆ ಕಡೆಯ ತಗ್ಗಿನ ಓಣಿಯಲ್ಲಿ ಬಸಗೊಂಡ ಮಾಲಕರ ಮಗ್ಗದ ಶೆಡ್ಡು ಇದೆ. ಅಲ್ಲಿಗೆ ಹೊಸದಾಗಿ ಬಂದವರೆಲ್ಲ ಮೊದಲ ದಿನ ಒಂದೇ ತಪ್ಪು ಮಾಡುತ್ತಾರೆ. ಬಾಯಿ ತೆರೆದು ಜೋರಾಗಿ ಮಾತಾಡಲು ಹೋಗುತ್ತಾರೆ. ಮಗ್ಗಗಳು ಒಮ್ಮೆ ಖಟಖಟ ಶುರುವಾದವೆಂದರೆ ಪಕ್ಕದಲ್ಲಿ ನಿಂತವನ ಕೂಗೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಅಲ್ಲಿನ ಹಳಬರು ಧ್ವನಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ತುಟಿ ನೋಡಿ ಮಾತು ತಿಳಿಯುತ್ತಾರೆ, ಕೈ ಆಡಿಸಿ ಉತ್ತರ ಕೊಡುತ್ತಾರೆ. ಎಳೆ ಹರಿದರೆ ಒಂದು ಸನ್ನೆ, ಮಗ್ಗ ರಿಪೇರಿ ಮಾಡುವ ಜಾಬರನನ್ನು ಕರೆಯಲು ಒಂದು, ಮಾಲಕರು ಬರುತ್ತಿದ್ದಾರೆ ಎನ್ನಲು ಮೀಸೆ ತಿರುವಿದಂತೆ ಇನ್ನೊಂದು. ಬೈಯುವ ಸನ್ನೆಗಳನ್ನು ಮಾತ್ರ ಹೊಸಬರಿಗೆ ಯಾರೂ ಕಲಿಸುವುದಿಲ್ಲ. ಅವು ತಾವಾಗಿಯೇ ಬಂದುಬಿಡುತ್ತವೆ.

ಸಾರಿಕಾಳಿಗೆ ಈ ಶೆಡ್ಡು ಮೊದಲ ದಿನವೇ ಹಿಡಿಸಿತು. ಬಾಯಿ ತೆರೆಯಬೇಕಾಗಿಲ್ಲದ ಜಾಗವೊಂದು ಈ ಲೋಕದಲ್ಲಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮಾತು ಬಂದರೂ ಬಾಯಿ ಬಿಡದವಳೆಂದು ಗಡಹಿಂಗ್ಲಜ ಕಡೆಯ ಹಳ್ಳಿಯಲ್ಲಿ ಅವಳನ್ನು ಎಲ್ಲರೂ ಮೂಗಿ ಎಂದೇ ಕರೆಯುತ್ತಿದ್ದರು. ಅಲ್ಲಿಂದ ಅವಳನ್ನು ಕರೆತಂದವನು ಸೋದರಮಾವ ಧೊಂಡಿಬಾ. ಅವನು ಆ ಶೆಡ್ಡಿನ ಹಳೇ ನೇಕಾರ. ಲಾಳಿಗೆ ತುಂಬುವ ಕಾಂಡಿಗೆ ನೂಲು ಸುತ್ತುವ ಮಷೀನು ಖಾಲಿ ಇದೆ, ಹುಡುಗಿ ಕೂತು ಸುತ್ತಿಕೊಂಡಿರಲಿ ಎಂದು ಮಾಲಕರಿಗೆ ಹೇಳಿ ಕೂರಿಸಿದ್ದ.

ಕಾಂಡಿ ಸುತ್ತುವ ಮಷೀನುಗಳು ಶೆಡ್ಡಿನ ಮುಂಭಾಗದಲ್ಲಿ ಇದ್ದವು. ಅವಕ್ಕೂ ಮಗ್ಗಗಳಿಗೂ ನಡುವೆ ಎದೆಮಟ್ಟದ ಗೋಡೆ. ಬಾಗಿಲಿಗೆ ತಾಗಿದ ಮಷೀನು, ಕಿರಿಯರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಶಾಲನ ಮಾವಶಿಯದು. ಅದರ ಒಳಗಿನದು ಸಾರಿಕಾಳದು.

ಬಾಗಿಲ ಜಾಗವೆಂದರೆ ಸುಮ್ಮನೆ ಅಲ್ಲ. ಅಲ್ಲಿ ಗಾಳಿ ಇತ್ತು, ಬೆಳಕು ಇತ್ತು, ಹತ್ತಿಯ ಧೂಳು ಮೂಗಿಗೆ ಕಡಿಮೆ. ಓಣಿಯಲ್ಲಿ ಯಾರು ಬಂದರು ಯಾರು ಹೋದರು ಎಲ್ಲ ಕಾಣುತ್ತಿತ್ತು. ಆದರೆ ಅಲ್ಲಿ ಕೂತವರಿಗೆ ನೂಲು ಸುತ್ತುವುದರ ಜೊತೆ ಇನ್ನೊಂದು ಕೆಲಸ ಇತ್ತು. ಅವರು ಇಡೀ ಶೆಡ್ಡಿನ ಕಿವಿ. ಹೊರಗೆ ಯಾವ ಭೋಂಗಾ, ಅಂದರೆ ಸೈರನ್ನು, ಕೂಗಿದರೂ ಅದು ಯಾವುದು ಎಂದು ಗುರುತಿಸಿ ಒಳಗಿನವರಿಗೆ ಸನ್ನೆ ಮಾಡಬೇಕು. ಗೋಡೆಯ ಗಡಿಯಾರ ಧೂಳು ತಿಂದು ಎಂದೋ ನಿಂತಿತ್ತು. ಮಧ್ಯಾಹ್ನ ನೂಲು ತೆಗೆಯುವ ಸೂತಗಿರಣಿಯ ಭೋಂಗಾ ಕೂಗಿದಾಗಲೇ ಊಟಕ್ಕೆ ಮಗ್ಗ ನಿಲ್ಲಿಸುವುದು ಮಾಲಕರ ಅಪ್ಪನ ಕಾಲದ ವಾಡಿಕೆ. ಶಾಲನ ಮಾವಶಿ ಐದು ಬೆರಳು ಜೋಡಿಸಿ ಬಾಯಿಗೆ ತಂದರೆ ಸಾಕು, ಜಾಬರ್ ಮಲ್ಲಾರಿ ಕೂಡ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಬೆರಳುಗಳನ್ನು ಉರಿಯಂತೆ ಕುಣಿಸಿದರೆ ಬೆಂಕಿ ಆರಿಸುವ ಗಾಡಿ ಹೊರಟಿದೆ ಎಂದರ್ಥ. ಹಣೆಗೆ ಅಂಗೈ ಒತ್ತಿದರೆ ಆಸ್ಪತ್ರೆಯ ಗಾಡಿ. ಥಂಡಿ ದಿನಗಳಲ್ಲಿ ಗಾಳಿ ತಿರುಗಿದಾಗ ದೂರದ ಸಕ್ಕರೆ ಕಾರಖಾನೆಯ ಭೋಂಗಾ ಕೇಳಿದರೆ ತೋರುಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಿದ್ದಳು. ಆಗ ಮಗ್ಗದ ಹಿಂದೆ ನಿಂತ ಗಂಡಸರೆಲ್ಲ ನಗುತ್ತಿದ್ದರು. ಅವರಲ್ಲಿ ಅರ್ಧ ಜನರ ಬಂಧುಬಳಗ ಉದಗಾಂವ, ದತ್ತವಾಡದ ಕಡೆ ಕಬ್ಬು ಬೆಳೆಯುವವರು, ಕಾರಖಾನೆ ಶುರುವಾದರೆ ಅವರ ಕೈಗೆ ದುಡ್ಡು.

ಸಾರಿಕಾ ಅವಳನ್ನು ನೋಡುತ್ತ ಕೂರುತ್ತಿದ್ದಳು. ಎಂಥ ಗತ್ತು ಆ ಹೆಂಗಸಿಗೆ. ಕೈ ನೂಲಿನ ಮೇಲೆ, ಕಣ್ಣು ಓಣಿಯ ಮೇಲೆ. ಕತ್ತು ಸ್ವಲ್ಪ ಎತ್ತಿ, ಒಂದು ಗಳಿಗೆ ತಡೆದು, ಆಮೇಲೆ ಕೈ ಮೇಲೆ ಹೋಗುತ್ತಿತ್ತು. ಆ ಕೈ ಮೇಲೆ ಹೋಯಿತೆಂದರೆ ಇಡೀ ಶೆಡ್ಡು ಅತ್ತ ನೋಡಬೇಕು. ಪೊಲೀಸನ ಕೈಗೂ ಅಷ್ಟು ಮರ್ಯಾದೆ ಇಲ್ಲ ಎಂದು ಧೊಂಡಿಬಾ ಹೇಳುತ್ತಿದ್ದ.

ಒಂದು ದಿನ ಊಟದ ಹೊತ್ತಿನಲ್ಲಿ ಸಾರಿಕಾ ಧೈರ್ಯ ಮಾಡಿ, ಒಂದು ಭೋಂಗಾವನ್ನು ಇನ್ನೊಂದರಿಂದ ಹೇಗೆ ಗುರುತಿಸುತ್ತೀರಿ ಎಂದು ಕೇಳಿದಳು. ಶಾಲನ ಮಾವಶಿ ಅವಳ ತುಟಿಯನ್ನೇ ನೋಡುತ್ತಿದ್ದು, ರೊಟ್ಟಿ ಮುರಿಯುತ್ತ ಹೇಳಿದಳು:

"ಸೂತಗಿರಣೀದು ಮಲಗಿದ ಎಮ್ಮಿ ಎದ್ದಂಗ, ತಂಗಿ. ಮೊದಲ ಹಿಂದಿನ ಕಾಲು, ಆಮ್ಯಾಲ ಮುಂದಿನ ಕಾಲು. ಎದ್ದು ನಿಂತಮ್ಯಾಲ ಅಳಗ್ಯಾಡೂದಿಲ್ಲ. ಬೆಂಕಿ ಗಾಡೀದು ಮಲಿ ಕುಡಿಯೂ ಕೂಸಿನ್ನ ಕಸಗೊಂಡಂಗ. ದವಾಖಾನಿ ಗಾಡಿಗೆ ಎರಡ ಮಾತು ಬರ್ತಾವು, ಅವನ್ನ ತಿರತಿರಗಿ ಹೇಳ್ತೈತಿ, ನಮ್ಮ ಅತ್ತಿಯಂಗ. ಸಕ್ಕರಿ ಕಾರಖಾನೀದು ಉಗಿ ಊದೂದು. ಬಾಯಾಗ ತಂಬಾಕ ಇಟಗೊಂಡು ಮುದುಕ ಕರದಂಗ ಇರತೈತಿ."

ಸಾರಿಕಾ ಮರುದಿನದಿಂದ ಕಿವಿಗೊಟ್ಟು ಕೇಳತೊಡಗಿದಳು. ಸಣ್ಣ ವಯಸ್ಸಿನ ಕಿವಿ. ಒಳಗಿನ ಮಷೀನಿನಲ್ಲಿ ಕೂತರೂ ಮಗ್ಗದ ಸದ್ದಿನ ಹಿಂದೆ ತೆಳ್ಳಗೆ ಎಲ್ಲ ಕೇಳುತ್ತಿತ್ತು. ನಿಜವಾಗಿಯೂ ಎಮ್ಮೆ ಏಳುತ್ತಿತ್ತು. ನಿಜವಾಗಿಯೂ ಕೂಸು ಚೀರುತ್ತಿತ್ತು. ಕಾಣದ ಭೋಂಗಾಗಳಿಗೆಲ್ಲ ಮೈ ಬಂದಂತಾಯಿತು ಅವಳಿಗೆ. ಇಂಥ ಕಿವಿಯವಳ ಪಕ್ಕ ಕೂತಿದ್ದೇನಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಆ ಹಿಗ್ಗಿನಲ್ಲೇ ಒಂದು ದಿನ ಅವಳಿಗೆ ಬೇಡವಾದದ್ದು ಕಂಡಿತು.

ಬಾಗಿಲ ಎದುರು ಅಪ್ಪುವಿನ ಚಹಾದಂಗಡಿ. ಅವತ್ತು ಅಪ್ಪು ನೆಂಟರ ಮನೆಯಲ್ಲಿ ಕೂಸಿಗೆ ಹೆಸರಿಡುವ ಬಾರಸಿಗೆಂದು ಅಂಗಡಿ ಮುಚ್ಚಿ ಹೋಗಿದ್ದ. ಮಧ್ಯಾಹ್ನ ಸೂತಗಿರಣಿಯ ಎಮ್ಮೆ ಎದ್ದಿತು, ನಿಂತಿತು, ಕೂಗು ಮುಗಿಯಿತು. ಸಾರಿಕಾ ಮಾವಶಿಯ ಕೈ ನೋಡಿದಳು. ಕೈ ಮೇಲೇಳಲಿಲ್ಲ. ಮಾವಶಿ ಕತ್ತು ಎತ್ತಿ ಮುಚ್ಚಿದ ಅಂಗಡಿಯನ್ನು ನೋಡುತ್ತಿದ್ದಳು. ಆಮೇಲೆ ಓಣಿಯ ತುದಿಯನ್ನು ನೋಡಿದಳು. ಮಗ್ಗದವರ ಹೊಟ್ಟೆ ಚುರುಗುಟ್ಟಿ ಎಲ್ಲರೂ ಬಾಗಿಲ ಕಡೆ ಇಣುಕತೊಡಗಿದರು. ಗಿರಣಿ ಬಿಟ್ಟವರ ಸೈಕಲ್ಲುಗಳು ಓಣಿಯ ತಿರುವಿನಲ್ಲಿ ಕಂಡಾಗ ಮಾವಶಿಯ ಐದು ಬೆರಳು ಬಾಯಿಗೆ ಹೋದವು. ಇವತ್ತು ಭೋಂಗಾನೇ ಮೊದಲು ಉಂಡು ಆಮೇಲೆ ಕೂಗಿತು ಎಂದು ಧೊಂಡಿಬಾ ನಗೆಯಾಡಿದ.

ಸಾರಿಕಾ ನಗಲಿಲ್ಲ. ಮರುದಿನ ಅವಳು ಭೋಂಗಾ ಬಿಟ್ಟು ಮಾವಶಿಯ ಕಣ್ಣುಗಳನ್ನೇ ಹಿಂಬಾಲಿಸಿದಳು. ಗಿರಣಿಯದು ಕೂಗಿದಾಗ ಅಪ್ಪು ಗಿರಣಿ ಬಿಡುವವರಿಗೆಂದು ಚಹಾದ ದೊಡ್ಡ ಕಿಟ್ಲಿಯನ್ನು ಒಲೆಗೆ ಏರಿಸುತ್ತಿದ್ದ. ಮಾವಶಿ ನೋಡುತ್ತಿದ್ದುದು ಆ ಕಿಟ್ಲಿಯನ್ನು. ದಿನಾ ಕೇಳುವ ಗಿರಣಿಯ ಭೋಂಗಾಕ್ಕೆ ಓಣಿಯ ನಾಯಿಗಳು ಕಣ್ಣೂ ತೆರೆಯುತ್ತಿರಲಿಲ್ಲ, ಬೆಂಕಿ ಗಾಡಿಯದಕ್ಕೆ ಮೂತಿ ಎತ್ತಿ ಊಳಿಡುತ್ತಿದ್ದವು. ಆಸ್ಪತ್ರೆಯ ಗಾಡಿಯಾದರೆ ಅಂಗಡಿ ಕಟ್ಟೆಯ ಮೇಲೆ ಕೂತ ಮುದುಕರು ಎದ್ದು ನಿಂತು, ಯಾರ ಮನೆಗೆ ಎಂದು ಕತ್ತು ಚಾಚುತ್ತಿದ್ದರು. ಸಕ್ಕರೆ ಕಾರಖಾನೆಯದಾದರೆ ಎದುರಿನ ಮಾಳಿಗೆಯ ಮೇಲೆ ಒಣಹಾಕಿದ ಸೀರೆಗಳು ಯಾವ ದಿಕ್ಕಿಗೆ ಹಾರುತ್ತಿವೆ ಎಂದು ಮೊದಲೇ ನೋಡಿಟ್ಟುಕೊಂಡು, ಆಮೇಲೆ ಅದೇ ಮುದುಕರ ಮುಖದ ಮೇಲಿನ ನಗೆಯನ್ನು ಕಾಯುತ್ತಿದ್ದಳು.

ಕಿವಿ ಎಂದುಕೊಂಡದ್ದೆಲ್ಲ ಕಣ್ಣಾಗಿತ್ತು.

ಮಗ್ಗದವರ ಕಿವಿ ಮಂದವಾಗುವುದು ಅಲ್ಲಿ ಹೊಸದಲ್ಲ. ಎಲ್ಲರೂ ತುಟಿ ನೋಡಿ ಬದುಕುವ ಶೆಡ್ಡಿನಲ್ಲಿ ಒಬ್ಬಳಿಗೆ ಏನೂ ಕೇಳುವುದಿಲ್ಲವೆಂದು ಯಾರಿಗೆ ಗೊತ್ತಾಗಬೇಕು. ಆದರೆ ಬಾಗಿಲಲ್ಲಿ ಕೂತವಳಿಗೆ ಕೇಳಬೇಕು. ಶಾಲನಳಿಗಿಂತ ಮೊದಲು ಅಲ್ಲಿ ಕೂರುತ್ತಿದ್ದವಳು ರಂಗುಬಾಯಿ ಎಂಬ ಹೆಂಗಸು. ಅವಳ ಕಿವಿ ಹೋದಾಗ ಶೆಡ್ಡಿನ ಹಿಂದಿನ ಮೂಲೆಗೆ ಹಾಕಿದರು. ಅಲ್ಲಿ ಕತ್ತಲೆ, ಧೂಳು, ಎದುರಿಗೆ ಒಂದು ಮುಖವೂ ಇಲ್ಲ, ನೋಡಲು ಒಂದು ತುಟಿಯೂ ಇಲ್ಲ. ಕೆಲವೇ ದಿನಗಳಲ್ಲಿ ಅವಳು ಬರುವುದನ್ನೇ ಬಿಟ್ಟಳು. ಈ ಕಥೆಯನ್ನು ಧೊಂಡಿಬಾ ಸಾರಿಕಾಳಿಗೆ ಎಂದೋ ಹೇಳಿದ್ದ.

ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂಬುದು ನೋಡಿಯೇ ಬದುಕುವವಳಿಗೆ ತಿಳಿಯದೆ ಇರುತ್ತದೆಯೇ. ಆ ವಾರದಲ್ಲೇ ಒಂದು ದಿನ, ಮಗ್ಗಗಳು ಓಡುತ್ತಿದ್ದಾಗ, ಶಾಲನ ಮಾವಶಿ ಅವಳ ಕಡೆ ತಿರುಗಿ ತುಟಿ ಮಾತ್ರ ಆಡಿಸಿದಳು.

"ಗೊತ್ತಾತಲ್ಲ ನಿನಗ."

ಸಾರಿಕಾ ತಲೆ ತಗ್ಗಿಸಿದಳು. ಮಾವಶಿ ಅವಳ ಗಲ್ಲ ಹಿಡಿದು ಎತ್ತಿದಳು, ತುಟಿ ಕಾಣಲೆಂದು.

"ಕಿವಿ ಹೋಗಿ ಭಾಳ ದಿವಸಾತು. ಸಪ್ಪಳ ಎಲ್ಲಾ ನೆನಪಿನಾಗ ಅದಾವು, ಅದಕ್ಕ ನಿನಗ ಹೇಳಾಕ ಬಂತು. ಈ ಜಾಗಾ ಬೇಕಾದ್ರ ಮಲ್ಲಾರಿಗೆ ಹೇಳು. ಸಿಟ್ಟಾಗೂದಿಲ್ಲ ನಾ. ಗಾಳಿ ಯಾರಿಗೆ ಬ್ಯಾಡ."

ಸಾರಿಕಾ ತನ್ನ ಮಷೀನಿಗೆ ತಿರುಗಿದಳು. ಆ ಜಾಗ ಬೇಡ ಎಂದರೆ ಸುಳ್ಳಾಗುತ್ತಿತ್ತು. ಮೂಗಿನೊಳಗೆ ಹತ್ತಿ ತುಂಬಿಕೊಂಡು ಮನೆಗೆ ಹೋಗುವ ಹುಡುಗಿಗೆ ಬಾಗಿಲ ಗಾಳಿ ಬೇಡವಾಗಿರುತ್ತದೆಯೇ. ಆದರೆ ಒಂದು ಕಿಟ್ಲಿ, ನಾಲ್ಕು ನಾಯಿ, ಒಂದು ಸೀರೆಯ ಸೆರಗು ಇಷ್ಟನ್ನೇ ಇಟ್ಟುಕೊಂಡು ಇಡೀ ಶೆಡ್ಡಿಗೆ ಊಟ ಮಾಡಿಸುತ್ತಿದ್ದವಳನ್ನು ಕಂಡಮೇಲೆ ಅವಳ ಮೆಚ್ಚುಗೆ ಕಡಿಮೆಯಾಗುವ ಬದಲು ಇಮ್ಮಡಿಯಾಗಿತ್ತು. ಕಿವಿ ಇದ್ದವರು ಕೇಳುವುದರಲ್ಲಿ ಏನು ದೊಡ್ಡಸ್ತಿಕೆ ಇದೆ.

ಮಳೆಗಾಲ ಜೋರಾಯಿತು. ಕೊಲ್ಲಾಪುರದ ಕಡೆಯಿಂದ ಬಂದವರೆಲ್ಲ ಹೊಳೆಯ ಸುದ್ದಿಯನ್ನೇ ತಂದರು. ರಾಧಾನಗರಿ ಅಣೆಕಟ್ಟಿನ ಬಾಗಿಲುಗಳು ತೆರೆದುಕೊಂಡಿವೆಯಂತೆ, ಕೊಲ್ಲಾಪುರದಲ್ಲಿ ಪಂಚಗಂಗೆ ಹೊಳೆ ಘಾಟಿನ ಮೆಟ್ಟಿಲು ಮುಳುಗಿಸಿದೆಯಂತೆ. ಅಲ್ಲಿ ಏರಿದ ನೀರು ಇಲ್ಲಿಗೆ ಬಾರದೆ ಹೋಗುವುದಿಲ್ಲ. ಹೊಳೆ ದಂಡೆಯ ಕಂಬಕ್ಕೆ ಹೊಸ ಭೋಂಗಾ ಕಟ್ಟಿದ್ದಾರೆ, ನೀರು ಓಣಿಗೆ ನುಗ್ಗುವ ಮೊದಲು ಅದು ಕೂಗುತ್ತದೆ, ಕೂಗಿದೊಡನೆ ಎತ್ತರಕ್ಕೆ ಹೋಗಬೇಕು ಎಂದು ಒಂದು ರಿಕ್ಷಾ ಮರಾಠಿಯಲ್ಲಿ ಸಾರುತ್ತ ಓಣಿಯಲ್ಲಿ ಸುತ್ತಾಡಿ ಹೋಯಿತು. ಹೇಗೆ ಕೂಗುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಕೂಗದ ಭೋಂಗಾದ ಗುರುತು ಹೇಗೆ ಹೇಳುವುದು. ಶಾಲನ ಮಾವಶಿ ಅವತ್ತೆಲ್ಲ ಓಣಿಯ ಕಡೆಯಿಂದ ಕಣ್ಣು ಕೀಳಲಿಲ್ಲ.

ಮರುದಿನ ಬೆಳಿಗ್ಗೆ ಗಾಳಿಯ ಜೊತೆ ಇರಚಲು ಹೊಡೆದು ಬಾಗಿಲ ಬಳಿಯ ನೂಲು ತೋಯತೊಡಗಿತು. ಮಲ್ಲಾರಿ ಬಂದು ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಇಳಿಬಿಟ್ಟು, ಕೆಳಗೆ ಕಲ್ಲು ಹೇರಿದ. ತೆರೆದೇ ಇರಲಿ ಎಂದು ಮಾವಶಿ ಸನ್ನೆ ಮಾಡಿದಳು. ನೂಲು ತೋಯ್ದರೆ ನಿಮ್ಮಪ್ಪ ಕೊಡುತ್ತಾನೇನು ಎಂದು ಅವನು ತಿರುಗಿ ಸನ್ನೆ ಮಾಡಿ ಹೋದ. ಮಾವಶಿಯ ಮುಂದೆ ಈಗ ಓಣಿ ಇರಲಿಲ್ಲ. ನೀಲಿ ತಾಡಪತ್ರಿ ಇತ್ತು. ಅವಳ ಕೈ ನೂಲಿನ ಮೇಲೆ ತಪ್ಪುವುದನ್ನು ಸಾರಿಕಾ ಮೊದಲ ಸಲ ಕಂಡಳು.

ಊಟದ ಹೊತ್ತಿಗೆ ಇನ್ನೂ ತಡ ಇತ್ತು. ಮಗ್ಗಗಳು ಪೂರಾ ಜೋರಿನಲ್ಲಿ ಓಡುತ್ತಿದ್ದವು. ಆಗ ಸಾರಿಕಾಳಿಗೆ ಒಂದು ಕೂಗು ಕೇಳಿತು. ಎಮ್ಮೆ ಏಳುವಂತೆಯೇ ಎದ್ದಿತು. ಆದರೆ ನಿಲ್ಲಲಿಲ್ಲ. ಮೇಲೆ ಹೋಗಿ ಕುಸಿಯಿತು, ಮತ್ತೆ ಎದ್ದಿತು, ಮತ್ತೆ ಕುಸಿಯಿತು.

ಅವಳಿಗೆ ಹೊಳೆಯುವುದು ಹೊಳೆಯಲಿಲ್ಲ. ಮಗ್ಗದ ಊರಿನಲ್ಲಿ ಯಾವ ಮೋಟರಿನ ಸದ್ದು ಏರಿಳಿದರೂ ಎಲ್ಲರೂ ಹೇಳುವುದು ಒಂದೇ ಮಾತು: ಕರೆಂಟು ಕಮ್ಮಿ ಆಗಿದೆ. ವೋಲ್ಟೇಜು ಬಿದ್ದಾಗ ಮಗ್ಗಗಳೂ ಹೀಗೇ ಉಸಿರು ಬಿಡುತ್ತವೆ. ಮಳೆಗೆ ಗಿರಣಿಯ ಭೋಂಗಾಕ್ಕೆ ಕರೆಂಟು ಸಾಲುತ್ತಿಲ್ಲ, ಹೊತ್ತಿಗೆ ಮುಂಚೆ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಅವಳು ಕಾಂಡಿ ಬದಲಾಯಿಸಿದಳು. ಭೋಂಗಾ ಎದ್ದಿತು, ಕುಸಿಯಿತು.

ಆಗಲೂ ಅವಳಿಗೆ ಸಮಾಧಾನವಾಗಲಿಲ್ಲ. ಹೇಳಿ ತಪ್ಪಾದರೆ ಎಲ್ಲರೂ ನಗುತ್ತಾರೆ. ಹೇಳದೆ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಜೀವಮಾನವಿಡೀ ಅವಳು ಎರಡನೆಯದನ್ನೇ ಮಾಡಿಕೊಂಡು ಬಂದಿದ್ದಳು. ಈಗ ಪಕ್ಕದಲ್ಲಿ ಕಣ್ಣು ಕಟ್ಟಿದಂತೆ ಕೂತ ಮಾವಶಿಯನ್ನು ನೋಡಿದಳು. ಎದ್ದು ಹೋಗಿ ಅವಳ ಮುಂಗೈ ಹಿಡಿದಳು. ಅಂಗೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಭೋಂಗಾ ಕೂಗಿದಂತೆಯೇ ಆಡಿಸಿದಳು. ಮೇಲೆ, ಕೆಳಗೆ. ಮೇಲೆ, ಕೆಳಗೆ. ಆಮೇಲೆ ಕರೆಂಟೇ ಎಂದು ತುಟಿ ಆಡಿಸಿದಳು.

ಶಾಲನ ಮಾವಶಿ ತಟ್ಟನೆ ತಲೆಯ ಮೇಲಿನ ಬಲ್ಬು ನೋಡಿದಳು. ಬಲ್ಬು ನಿಚ್ಚಳವಾಗಿ ಉರಿಯುತ್ತಿತ್ತು, ಒಂದಿಷ್ಟೂ ಮಂಕಾಗಿರಲಿಲ್ಲ. ಕರೆಂಟು ಪೂರಾ ಇದೆ, ಭೋಂಗಾ ಮಾತ್ರ ಏರಿಳಿಯುತ್ತಿದೆ. ಅವಳು ಎದ್ದಳು, ಕಲ್ಲು ಒದ್ದು ತಾಡಪತ್ರಿ ಎತ್ತಿದಳು. ಓಣಿಯಲ್ಲಿ ಇನ್ನೂ ನೀರಿರಲಿಲ್ಲ. ಆದರೆ ಅಪ್ಪು ಒಲೆಯನ್ನು ತಲೆಯ ಮೇಲೆ ಹೊತ್ತು ಏರಿನ ಕಡೆ ಓಡುತ್ತಿದ್ದ. ನಾಯಿಗಳೂ ಅತ್ತಲೇ ಹೋಗುತ್ತಿದ್ದವು, ಊಳಿಡದೆ.

ಮಾವಶಿ ತಾಡಪತ್ರಿ ಬಿಟ್ಟು ಎದೆಮಟ್ಟದ ಗೋಡೆಯ ಹತ್ತಿರ ಬಂದು ನಿಂತಳು. ಕೈ ಮೇಲೆತ್ತಿದಳು. ಎಲ್ಲ ಮುಖಗಳೂ ಇತ್ತ ತಿರುಗಿದವು. ಕೈ ಅಲ್ಲೇ ಒಂದು ಗಳಿಗೆ ತಡೆಯಿತು. ಏಕೆ ತಡೆಯಿತು ಎಂಬುದು ಸಾರಿಕಾಳಿಗೆ ಆಗಲೇ ಅರ್ಥವಾಯಿತು. ಹೊಳೆ ಬಂತು ಎನ್ನಲು ಆ ಶೆಡ್ಡಿನಲ್ಲಿ ಸನ್ನೆಯೇ ಇರಲಿಲ್ಲ. ಹೊಸದೊಂದು ಸನ್ನೆ ಮಾಡಿದರೆ ಒಬ್ಬ ಹುಬ್ಬು ಹಾರಿಸುತ್ತಾನೆ, ಇನ್ನೊಬ್ಬ ಏನು ಎಂದು ಕೈ ತಿರುಗಿಸುತ್ತಾನೆ, ಮಲ್ಲಾರಿ ಜಗಳಕ್ಕೆ ಬರುತ್ತಾನೆ. ಮಗ್ಗಗಳು ಓಡುತ್ತಲೇ ಇರುತ್ತವೆ.

ಮಾವಶಿ ಐದು ಬೆರಳು ಜೋಡಿಸಿ ಬಾಯಿಗೆ ತಂದಳು. ಊಟ.

ಒಂದರ ಹಿಂದೆ ಒಂದು ಮಗ್ಗ ನಿಂತವು. ಮಲ್ಲಾರಿ ಕರೆಂಟಿನ ದೊಡ್ಡ ಖಟಕಾ ಇಳಿಸಿದ. ಇಷ್ಟು ಲಗೂನ ಊಟಾ ಎಂದು ಗೊಣಗುತ್ತ ಒಬ್ಬ ಕೈ ಒರೆಸಿಕೊಂಡ, ಒಬ್ಬ ಡಬ್ಬಿಗೆ ಕೈ ಹಾಕಿದ. ಕೊನೆಯ ಮಗ್ಗವೂ ನಿಂತು ಶೆಡ್ಡು ಶಾಂತವಾದಾಗ ಏರಿ ಇಳಿಯುವ ಆ ಕೂಗು ತಗಡಿನ ಚಾವಣಿಯ ಮೇಲೆಯೇ ಕೂತಂತೆ ಎಲ್ಲರಿಗೂ ಕೇಳಿತು. ಮಂದ ಕಿವಿಯ ಧೊಂಡಿಬಾನಿಗೂ ಕೇಳಿತು. ಡಬ್ಬಿ ತೆರೆದವನು ಮುಚ್ಚಿದ.

ಆಮೇಲೆ ಯಾರಿಗೂ ಸನ್ನೆ ಬೇಕಾಗಲಿಲ್ಲ. ನೂಲಿನ ಚೀಲಗಳು, ನೇಯ್ದ ಬಟ್ಟೆಯ ತಾನುಗಳು ಹೆಗಲಿನಿಂದ ಹೆಗಲಿಗೆ ಅಟ್ಟಕ್ಕೆ ಏರಿದವು. ಅಟ್ಟ ತುಂಬಿದ ಮೇಲೆ ಏರಿನಲ್ಲಿದ್ದ ಮಾಲಕರ ಮನೆಯ ಪಡಸಾಲೆಗೆ ಹೊತ್ತರು. ಕಾಂಡಿ ಮಷೀನುಗಳನ್ನೂ ಬಿಚ್ಚಿ ಒಯ್ದರು. ಸಾರಿಕಾ ಕೊನೆಯ ಚೀಲ ಹೊತ್ತು ಹೊರಬಿದ್ದಾಗ ಓಣಿಯ ಕೆಳತುದಿಯಲ್ಲಿ ಕೆಂಪು ನೀರು ಸದ್ದಿಲ್ಲದೆ ತಿರುವು ದಾಟುತ್ತಿತ್ತು. ಸಂಜೆಯೊಳಗೆ ಶೆಡ್ಡಿನಲ್ಲಿ ಮೊಣಕಾಲುದ್ದ ನಿಂತಿತು.

ಹೊಳೆ ಇಳಿದ ಮೇಲೆ ಎಲ್ಲರೂ ಶೆಡ್ಡು ತೊಳೆಯಲು ಸೇರಿದರು. ಮಗ್ಗಗಳು ಸುಮ್ಮನೆ ನಿಂತಿದ್ದವು. ಅಷ್ಟು ವರ್ಷ ಸನ್ನೆಯಲ್ಲೇ ಬೈದುಕೊಂಡವರು ಬಾಯಿ ತೆರೆದು ಬೈದುಕೊಂಡು ನಗುತ್ತಿದ್ದರು. ನಿನ್ನ ಧ್ವನಿ ಇಷ್ಟು ಹೊಲಸು ಐತೇನೋ ಎಂದು ಧೊಂಡಿಬಾ ಮಲ್ಲಾರಿಯನ್ನು ಕೆಣಕುತ್ತಿದ್ದ. ಶಾಲನ ಮಾವಶಿ ಗೋಡೆಯ ಕಡೆ ಮುಖ ಮಾಡಿ ಕೂತು ರಾಡಿ ಉಜ್ಜುತ್ತಿದ್ದಳು. ಬಸಗೊಂಡ ಮಾಲಕರು ಬಂದು ಅವಳ ಬೆನ್ನ ಹಿಂದೆ ನಿಂತರು. ಪಂಚೆ ಮೇಲಕ್ಕೆ ಎತ್ತಿ ಹಿಡಿದಿದ್ದರು, ಮುಖ ಗೆಲುವಾಗಿತ್ತು.

"ಶಾಲನಬಾಯಿ, ನಿನ್ನ ಕಿವಿಗೆ ಬಂಗಾರದ ಓಲಿ ಮಾಡಸಬೇಕ ನೋಡ."

ಮಾವಶಿ ಉಜ್ಜುತ್ತಲೇ ಇದ್ದಳು. ಮಾಲಕರು ನಗುತ್ತ ಇನ್ನೂ ಜೋರಾಗಿ ಅದನ್ನೇ ಹೇಳಿದರು. ಅವಳ ಕೈ ನಿಲ್ಲಲಿಲ್ಲ, ಕತ್ತು ತಿರುಗಲಿಲ್ಲ. ಒಬ್ಬೊಬ್ಬರಾಗಿ ಎಲ್ಲರ ಮಾತೂ ನಿಂತಿತು. ಓಡುವ ಮಗ್ಗಗಳು ಇಷ್ಟು ದಿನ ಮುಚ್ಚಿಟ್ಟದ್ದನ್ನು ನಿಂತ ಮಗ್ಗಗಳು ಮುಚ್ಚಲಾರದೆ ಹೋದವು.

ಧೊಂಡಿಬಾನೇ ಮೊದಲು ಬಾಯಿಬಿಟ್ಟ.

"ಅಲ್ರಿ, ನಾವೆಲ್ಲಾ ಕಿವುಡ್ರು. ನಮ್ಮೊಳಗ ಈಕಿ ಒಬ್ಬಾಕಿಗೆ ಕೇಳತೈತಿ ಅಂತ ನಂಬಿ ಕುಂತಿದ್ವಿ."

ಯಾರೋ ಕಿಸಕ್ಕೆಂದರು. ಮಲ್ಲಾರಿಗೆ ನಗು ಬರಲಿಲ್ಲ. ಹಾಗಾದರೆ ಅವತ್ತು ಭೋಂಗಾ ಕೇಳಿದವರು ಯಾರು ಎಂದು ಕೇಳಿದ. ಎಲ್ಲರ ಕಣ್ಣೂ ಸಾರಿಕಾಳ ಮೇಲೆ ಬಿದ್ದವು. ಅವಳು ಹೌದೆಂದು ತಲೆಯಾಡಿಸಿದಳು. ಮಲ್ಲಾರಿ ಮಾಲಕರ ಕಡೆ ತಿರುಗಿ, ಮಷೀನು ಮತ್ತೆ ಕೂರಿಸುವಾಗ ಹುಡುಗಿಯದನ್ನು ಬಾಗಿಲಿಗೆ ಹಾಕೋಣ, ಶಾಲನಬಾಯಿಯದು ಹಿಂದಿನ ಮೂಲೆಗೆ ಹೋಗಲಿ ಎಂದ. ಅದರಲ್ಲಿ ದ್ವೇಷ ಏನೂ ಇರಲಿಲ್ಲ. ವಾಡಿಕೆ ಹಾಗೇ ಇತ್ತು. ಮಾಲಕರು ಹೂಂ ಎನ್ನಲು ಬಾಯಿ ತೆರೆದಿದ್ದರು.

ಈ ಹೊತ್ತಿಗೆ ಶಾಲನ ಮಾವಶಿ ತಿರುಗಿದ್ದಳು. ಮುಖಗಳನ್ನು ಒಂದೊಂದಾಗಿ ಓದಿದಳು. ಓದಲು ಕಷ್ಟವಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು ಅಷ್ಟೇ.

ಆಗ ಮೂಗಿ ಮಾತಾಡಿದಳು.

"ಮಾಲಕರ, ನನಗ ಕೇಳಿತ್ರಿ. ಏನಂತ ತಿಳೀಲಿಲ್ಲ. ಕರೆಂಟ ಕಮ್ಮಿ ಅಂದ್ಕೊಂಡೆ. ತಿಳಿದಾಕಿ ಮಾವಶಿ. ಮಗ್ಗಾ ನಿಲ್ಲಿಸಿದಾಕಿ ಮಾವಶಿ."

ಅವಳು ಉಸಿರು ತೆಗೆದುಕೊಂಡು ಮುಗಿಸಿದಳು.

"ಕೇಳಾಕ ನಾ ಎಲ್ಲಿ ಕುಂತರೂ ನಡೀತೈತ್ರಿ. ಒಳಗ ಕುಂತ ಕೇಳೇನಿ. ನೋಡಾಕ ಬಾಗಲಾನ ಬೇಕ್ರಿ. ಅಕೀನ್ನ ಅಲ್ಲಿಂದ ಎಬ್ಬಿಸಿದ್ರ ನನ್ನ ಕಿವಿ ತಗೊಂಡ ಏನ್ಮಾಡ್ತೀರಿ."

ಧೊಂಡಿಬಾ ಸೋದರಸೊಸೆಯನ್ನು ಹೊಸದಾಗಿ ಕಂಡವನಂತೆ ನೋಡಿದ. ಬಸಗೊಂಡ ಮಾಲಕರು ಬಾಗಿಲ ಕಡೆ ಒಮ್ಮೆ ನೋಡಿದರು, ಗೋಡೆಯ ಮೇಲೆ ನೀರು ಬಿಟ್ಟುಹೋದ ಕೆಂಪು ಗೆರೆಯನ್ನು ಒಮ್ಮೆ ನೋಡಿದರು. ಆಮೇಲೆ ರಾಡಿಯಲ್ಲೇ ನಾಲ್ಕು ಹೆಜ್ಜೆ ಸುತ್ತಿ ಬಂದು ಶಾಲನ ಮಾವಶಿಯ ಎದುರು ನಿಂತರು, ತುಟಿ ಕಾಣುವಂತೆ. ಓಲೆಯ ಮಾತನ್ನೇ ಮೂರನೆಯ ಸಲ, ನಿಧಾನವಾಗಿ, ಸದ್ದಿಲ್ಲದೆ ಹೇಳಿದರು.

ಮಾವಶಿ ಈ ಸಲ ಕೇಳಿಸಿಕೊಂಡಳು.

"ಓಲಿ ಈ ಹುಡುಗಿಗೆ ಮಾಡಸ್ರಿ," ಎಂದಳು, ತನ್ನ ಧ್ವನಿಯ ಅಳತೆ ತಿಳಿಯದೆ, ಇಡೀ ಓಣಿಗೆ ಕೇಳುವಷ್ಟು ಜೋರಾಗಿ. "ನನಗ ಆ ತಾಡಪತ್ರಿ ತಗಿಸಿ ಒಂದ ಗಾಜಿನ ಬಾಗಲಾ ಹಚ್ಚಸ್ರಿ. ಮಳಿ ಒಳಗ ಬರಬಾರದು, ಓಣಿ ಹೊರಗ ಹೋಗಬಾರದು."

ಮಾಲಕರು ನಕ್ಕುಬಿಟ್ಟರು. ಮಲ್ಲಾರಿ ಗೊಣಗುತ್ತ ಹೋಗಿ, ಪಡಸಾಲೆಯಲ್ಲಿದ್ದ ಮಾವಶಿಯ ಮಷೀನನ್ನು ಹೊರಲು ಇಬ್ಬರನ್ನು ಕರೆದ. ಅದನ್ನು ಎಲ್ಲಿ ಇಳಿಸಬೇಕು ಎಂದು ಅವನು ಯಾರನ್ನೂ ಕೇಳಲಿಲ್ಲ.